ಚೀಟಿ ಹಚ್ಚಿದ ಪುಸ್ತಕ

ಪ್ರತಿವರ್ಷ ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಮನೆಯಲ್ಲಿ ಲಾಫ್ಟಿನ ಮೇಲಿನ ಟ್ರಂಕನ್ನು ಕೆಳಗಿಳಿಸುವ ಕಾರ್ಯಕ್ರಮವೊಂದಿರುತ್ತದೆ. ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ, ಅದರೊಳಗಿನ ಬಲ್ಬಿನ ವೈರು, ಬಣ್ಣ ಮಾಸಿದ ನಾಲ್ಕು ಮಣ್ಣಿನ ಕುರಿಗಳು, ಹೀಗೆ ವರ್ಷಕ್ಕೊಮ್ಮೆ ಮಾತ್ರ ಬೆಳಕು ಕಾಣುವ ಸಾಮಾನುಗಳೆಲ್ಲ ಅದರಲ್ಲಿವೆ. ಈ ಸಲ ಟ್ರಂಕು ಇಳಿಸಲು ಇನ್ನೊಂದು ಕಾರಣವೂ ಇತ್ತು. ಪುಣೆಯಲ್ಲಿರುವ ಮಗಳು ಫೋನು ಮಾಡಿ, “ಆಯೀದು ಆ ಚೀಟಿ ಹಚ್ಚಿದ ಪುಸ್ತಕ ಇನ್ನೂ ಐತೇನು?” ಎಂದು ಕೇಳಿದ್ದಳು. ಅವಳ ಮಗನಿಗೆ ಈಗ ಐದು ವರ್ಷ. ಕೇಳುವ ವಯಸ್ಸು.

ಪುಸ್ತಕ ಇತ್ತು. ಟ್ರಂಕಿನ ತಳದಲ್ಲಿ, ಹಳೆಯ ಮಗ್ಗದ ಸೀರೆಯೊಂದರಲ್ಲಿ ಸುತ್ತಿ ಇಟ್ಟಿದ್ದೆವು. ಬೆನ್ನು ಕಿತ್ತುಹೋಗಿದೆ. ಒಳಗಿನ ಚಿತ್ರಗಳ ಬಣ್ಣ ಆಶ್ಚರ್ಯವೆನ್ನುವಷ್ಟು ಚೆನ್ನಾಗಿ ಉಳಿದಿದೆ. ಇಂಗ್ಲಿಷ್ ಅಕ್ಷರಗಳ ಮೇಲೆ ನಾವು ಹಚ್ಚಿದ ಕನ್ನಡ ಚೀಟಿಗಳು ಮಾತ್ರ ಅಲ್ಲಲ್ಲಿ ಉದುರಿವೆ. ಮೈದಾ ಕಾಯಿಸಿ ಮಾಡಿದ ಅಂಟು ಜಿರಲೆಗಳಿಗೆ ಬಲು ಪ್ರೀತಿ ಎಂಬುದು ಆಗ ನಮಗೆ ಹೊಳೆದಿರಲಿಲ್ಲ. ಎಣಿಸಿ ನೋಡಿದೆವು. ಆರು ಚೀಟಿಗಳು ಇಲ್ಲ.

ಇಲ್ಲಿ ‘ನಾವು’ ಎಂದು ಬರೆಯುತ್ತಿರುವುದಕ್ಕೆ ವಾಚಕರು ಬೇರೆ ಅರ್ಥ ಕಲ್ಪಿಸಬಾರದು. ಬರೆಯುವ ಕೈ ಒಂದೇ, ನೆನಪು ಗಂಡಹೆಂಡಿರಿಬ್ಬರದು. ಅಲ್ಲದೆ ಈ ಬರಹದಲ್ಲಿ ಬರುವ ಮುದುಕಿ ನಮ್ಮಲ್ಲಿ ಒಬ್ಬರಿಗೆ ಹಡೆದವ್ವ, ಇನ್ನೊಬ್ಬರಿಗೆ ಅತ್ತೆ. ಇಬ್ಬರೂ ಅವಳನ್ನು ಅವ್ವ ಎಂದೇ ಕರೆದವರು. ಯಾರ ನೆನಪು ಯಾವುದೆಂದು ಈಗ ಬೇರ್ಪಡಿಸಲು ಬರುವುದಿಲ್ಲ.

ನಾವು ಬೆಟಗೇರಿಯವರು. ಗದಗಿನ ಜೋಡಿ ಊರು, ನೇಕಾರರ ಊರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿಗಳನ್ನು ಹಿಡಿದು, 1841ರ ಹೊತ್ತಿಗೆ ನಮ್ಮ ಊರಿಗೂ ಬಂದಿದ್ದರು. ಅದೇ ವರ್ಷ ಮಂಗಳೂರಿನಲ್ಲಿ ಅವರ ಮುದ್ರಣಾಲಯ ಪ್ರಾರಂಭವಾಯಿತು. ಎರಡು ವರ್ಷದ ಮೇಲೆ ಮೋಗ್ಲಿಂಗ್ ಸಾಹೇಬರ ‘ಮಂಗಳೂರ ಸಮಾಚಾರ’ ಹೊರಟಿತು. ಇದನ್ನೆಲ್ಲ ಕನ್ನಡಿಗರು ಬಲ್ಲರು. ಅವ್ವ ಆ ಮಿಶನ್ನಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ದೊಡ್ಡ ಅಕ್ಷರದ ಸತ್ಯವೇದವನ್ನು ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು. ಇಂಗ್ಲಿಷಿನ ಒಂದಕ್ಷರವೂ ಬಾರದು.

1976ರಲ್ಲಿ ನಾವು ಮುಂಬಯಿಗೆ ಬಂದೆವು. ಫೋರ್ಟಿನಲ್ಲಿ ಕಚೇರಿ, ಮನೆ ಡೊಂಬಿವಲಿಯಲ್ಲಿ, ಒಂದು ರೂಮು ಒಂದು ಕಿಚನ್ನು. ಆರು ವರ್ಷ ಕಳೆದ ಮೇಲೆ, ಬಂಧುಬಳಗದವರೆಲ್ಲ ನಮ್ಮ ಬಗೆಗೆ ಆಸೆ ಬಿಟ್ಟಾಗ, 1982ರಲ್ಲಿ ಮಗಳು ಹುಟ್ಟಿದಳು. ಆ ಮಗುವಿನ ವಿಷಯದಲ್ಲಿ ನಾವು ಮಾಡಿದ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಶಾಲೆಗೆ ಹಾಕುವಾಗ ಅಲ್ಲಿಯ ಬಾಯಿಯವರೊಬ್ಬರು, “ಮಗುವಿಗೆ ಇಂಗ್ಲಿಷ್ ಬರಬೇಕಾದರೆ ಮನೆಯಲ್ಲಿಯೂ ಅದನ್ನೇ ಮಾತಾಡಿ” ಎಂದು ಬುದ್ಧಿ ಹೇಳಿದರು. ನಾವು ತಲೆಯಾಡಿಸಿ ಬಂದೆವು. ನಮ್ಮ ಇಂಗ್ಲಿಷು ಕಚೇರಿಯ ಕಾಗದಪತ್ರದ ಇಂಗ್ಲಿಷು. ಅದರಲ್ಲಿ ಮಗುವಿಗೆ ‘ಹಾಲು ಕುಡಿ, ಬೂಟು ಹಾಕಿಕೋ’ ಎನ್ನಬಹುದಿತ್ತು. ಮುದ್ದು ಮಾಡಲು ಬರುತ್ತಿರಲಿಲ್ಲ. ಆದರೂ ಹಟ ಹಿಡಿದು ಎರಡು ವರ್ಷ ನಡೆಸಿದೆವು. ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಮನೆಯಲ್ಲಿ ನಮ್ಮ ಮುರುಕು ಇಂಗ್ಲಿಷು. ಕನ್ನಡವೆಂದರೆ ರವಿವಾರ ಸಭೆಯಲ್ಲಿ ಕೇಳುವ ಹಾಡು, ಮತ್ತು ನಾವಿಬ್ಬರೂ ಜಗಳಾಡುವಾಗಿನ ಮಾತು ಎಂದು ಮಗು ತಿಳಿದಿತ್ತು.

1987ರಲ್ಲಿ ಅಪ್ಪ ತೀರಿಕೊಂಡರು. ಅವ್ವನನ್ನು ಕರೆತಂದೆವು.

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುವ ರೂಢಿ. ಮಗಳು ಹಾಗೆಯೇ ಕರೆಯಲು ಕಲಿತಳು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಬಿಲ್ಡಿಂಗಿನ ಹುಡುಗರು ಬಂದು, “ಇವಳಿಗೆ ಇಬ್ಬರು ಆಯಿಗಳು ಹೇಗೆ?” ಎಂದು ವಿಚಾರಣೆ ಮಾಡಿದ್ದುಂಟು. ಅದೊಂದು ನಗೆ. ಉಳಿದದ್ದು ನಗುವಂಥದಾಗಿರಲಿಲ್ಲ. ಅವ್ವ ಏನೋ ಕೇಳುವಳು, ಮಗು ನಮ್ಮ ಮುಖ ನೋಡುವಳು. ಮಗು ಏನೋ ಹೇಳುವಳು, ಅವ್ವ ನಮ್ಮ ಮುಖ ನೋಡುವಳು. ನಾವು ದುಭಾಷಿಗಳಂತೆ ನಡುವೆ ಕೂತಿರಬೇಕು. ನಾವು ಕಚೇರಿಗೆ, ಬಾಜಾರಕ್ಕೆ ಹೋದಾಗ ಮನೆಯಲ್ಲಿ ಇಬ್ಬರೂ ಮೌನ. ಒಂದು ತಿಂಗಳಾದ ಮೇಲೆ ಅವ್ವ ಅಂದಳು: “ನನ್ನ ಮೊಮ್ಮಗಳ ಕೂಡ ಮಾತಾಡಾಕ ನಾ ಯಾವ ಸಾಲಿಗೆ ಹೋಗಲಿ?” ಕೊಂಕಿನ ಮಾತಲ್ಲ, ನಿಜವಾಗಿಯೇ ಕೇಳಿದಳು. ನಾವು ತಲೆ ತಗ್ಗಿಸಿದೆವು.

ಆ ದಿನಗಳಲ್ಲಿ ಫ್ಲೋರಾ ಫೌಂಟನ್ನಿನ ಸುತ್ತ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ದೊಡ್ಡ ಸಾಲೇ ಇತ್ತು. ಕಚೇರಿ ಬಿಟ್ಟು ವಿ.ಟಿ.ಗೆ ನಡೆಯುವಾಗ ಅಲ್ಲಿ ಹತ್ತು ನಿಮಿಷ ನಿಲ್ಲುವುದು ಅಭ್ಯಾಸ. ಒಂದು ಸಂಜೆ ಅಲ್ಲಿ ಅಡ್ಡ ಆಕಾರದ ದೊಡ್ಡ ಚಿತ್ರಪುಸ್ತಕವೊಂದು ಸಿಕ್ಕಿತು. ನೋಹನ ನಾವೆಯ ಕಥೆ. ಪೀಟರ್ ಸ್ಪಿಯರ್ ಎಂಬವನು ಬರೆದ ಚಿತ್ರಗಳು. ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕೆಗೆ ವಲಸೆ ಹೋದ ಕಲಾವಿದ. ಈ ಪುಸ್ತಕ 1977ರಲ್ಲಿ ಹೊರಟು, ಮರುವರ್ಷ ಅಮೆರಿಕೆಯಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಕೊಡುವ ಕಾಲ್ಡೆಕಾಟ್ ಪದಕವನ್ನು ಪಡೆದಿತ್ತೆಂದು ಆಮೇಲೆ ತಿಳಿಯಿತು. ಆ ಸಂಜೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪದಕವಲ್ಲ. ಮೊದಲಿಗೊಂದು ಹಳೆಯ ಡಚ್ ಪದ್ಯದ ಇಂಗ್ಲಿಷ್ ಅನುವಾದವಿದೆ. ಅದು ಮುಗಿದ ಮೇಲೆ ಮಾತೇ ಇಲ್ಲವೆನ್ನಬೇಕು. ಹಾಳೆಯ ಮೇಲೆ ಹಾಳೆ ಬರೀ ಚಿತ್ರ. ಇಂಗ್ಲಿಷಿಲ್ಲದ ಇಂಗ್ಲಿಷ್ ಪುಸ್ತಕ! ವ್ಯಾಪಾರಿ ಹನ್ನೆರಡು ರೂಪಾಯಿ ಹೇಳಿದ. ಏಳಕ್ಕೆ ಕೊಟ್ಟ.

ಆ ಪುಸ್ತಕವನ್ನು ಅವ್ವನ ಮಡಿಲಲ್ಲಿಟ್ಟು, ಮಗಳನ್ನು ಪಕ್ಕದಲ್ಲಿ ಕೂಡ್ರಿಸಿ, ನಾವು ಅಡುಗೆಮನೆಗೆ ಸರಿದೆವು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವ್ವನ ದನಿ ಕೇಳಿತು: “ಇವ ನೋಡು, ನೋಹ. ಮುದುಕ ಆಗ್ಯಾನ, ಆದರೂ ಬಡಿಗತನಾ ಬಿಟ್ಟಿಲ್ಲ.” ಮಗಳು ಇಂಗ್ಲಿಷಿನಲ್ಲಿ ಏನೋ ಅಂದಳು. ಅವ್ವ, “ಹೌದವಾ, ಒಂಟಿ. ಒಂಟಿ ಅನ್ನು.” “ಒಂಟಿ.” “ಇದು?” ಹಾಗೆ ಶುರುವಾಯಿತು.

ಸಾಮಾನ್ಯವಾಗಿ ನೋಹನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಎಲ್ಲವೂ ಜೋಡಿಜೋಡಿಯಾಗಿ ಸಾಲುಗಟ್ಟಿ ಹೋಗುತ್ತವೆ, ಕೊನೆಗೆ ಕಾಮನಬಿಲ್ಲು ಮೂಡುತ್ತದೆ, ಮುಗಿಯಿತು. ಸ್ಪಿಯರ್ ಹಾಗೆ ಬಿಡಲಿಲ್ಲ. ಅಷ್ಟು ಪ್ರಾಣಿಗಳು ಒಂದೇ ಸೂರಿನಡಿ ಇದ್ದರೆ ಸಗಣಿ ಯಾರು ಬಳಿಯಬೇಕು, ಮೇವು ಯಾರು ಹಾಕಬೇಕು ಎಂಬುದನ್ನೆಲ್ಲ ಚಿತ್ರಿಸಿದ್ದಾನೆ. ಎರಡೇ ಆಗಿ ಹತ್ತಿದ ಮೊಲಗಳು ಇಳಿಯುವಾಗ ದೊಡ್ಡ ಸಂಸಾರವಾಗಿವೆ. ದನ ಕಟ್ಟಿ ಬೆಳೆದ ಅವ್ವನಿಗೆ ಇದು ಕಥೆಯಲ್ಲ, ಮನೆಗೆಲಸ. “ಅಯ್ಯ, ಇವನ ಹೇಣ್ತಿ ಪಾಡು ನೋಡ!” ಎಂದು ನೋಹನ ಹೆಂಡತಿಯ ಪಕ್ಷ ವಹಿಸಿ ಅರ್ಧ ಗಂಟೆ ಮಾತಾಡಿದಳು. ಸತ್ಯವೇದದಲ್ಲಿ ಆ ಹೆಂಗಸಿಗೆ ಒಂದು ಹೆಸರೂ ಇಲ್ಲ. ಅವ್ವನ ಬಾಯಲ್ಲಿ ಅವಳಿಗೆ ಸೊಂಟನೋವು, ಮೂವರು ಸೊಸೆಯಂದಿರು, ಅದರಲ್ಲಿ ನಡುವಿನವಳು ಸೋಮಾರಿ, ಎಲ್ಲವೂ ಬಂದುವು. ಈ ಸೊಸೆಯಂದಿರ ಭಾಗವನ್ನು ಅಡುಗೆಮನೆಗೆ ಕೇಳಲೆಂದೇ ಗಟ್ಟಿಯಾಗಿ ಹೇಳುತ್ತಿದ್ದಳೆಂದು ನಮ್ಮಲ್ಲೊಬ್ಬರಿಗೆ ಇಂದಿಗೂ ಸಂಶಯವಿದೆ.

ಮೂರು ತಿಂಗಳಲ್ಲಿ ಮಗಳು ಕನ್ನಡ ಮಾತಾಡಿದಳು. ನಮ್ಮ ಕನ್ನಡವಲ್ಲ, ಅವ್ವನ ಬೆಟಗೇರಿಯ ಕನ್ನಡ.

ಆದರೆ ಆ ಪುಸ್ತಕದಲ್ಲಿ ಒಂದು ಚಿತ್ರ ಇತ್ತು. ನಾವೆಯ ಬಾಗಿಲು ಮುಚ್ಚಿದೆ, ಮಳೆ ಹಿಡಿದಿದೆ, ನೀರು ಏರುತ್ತಿದೆ. ಹೊರಗುಳಿದ ಪ್ರಾಣಿಗಳು ಆ ನೀರಿನಲ್ಲಿ ಸುಮ್ಮನೆ ನಿಂತಿವೆ. ಸಣ್ಣ ಮಕ್ಕಳ ಪುಸ್ತಕದಲ್ಲಿ ಇಂಥದನ್ನು ಹಾಕಬಹುದೇ ಎಂದು ಯಾರಾದರೂ ಕೇಳಿಯಾರು, ನಾವೂ ಕೇಳಿಕೊಂಡಿದ್ದೆವು. ಮಗಳು ಆ ಹಾಳೆಗೆ ಬಂದಾಗಲೆಲ್ಲ ನಿಲ್ಲುವಳು.

“ಆಯಿ, ಇವು ಯಾಕ ಒಳಗ ಹೋಗಲಿಲ್ಲ?”

“ಬಾಗಲಾ ಹಾಕಿತ್ತು, ತಂಗಿ.”

“ಯಾರು ಹಾಕಿದ್ರು?”

ಅವ್ವನಿಗೆ ಉತ್ತರ ಗೊತ್ತಿತ್ತು. ಬಾಗಿಲು ಮುಚ್ಚಿದವನು ದೇವರೇ ಎಂದು ಆದಿಕಾಂಡದಲ್ಲಿದೆ. ಸುಳ್ಳು ಹೇಳುವವಳಲ್ಲ. “ದೇವರ ಹಾಕಿದಾ,” ಎಂದಳು. “ಇವು ಏನು ತಪ್ಪು ಮಾಡಿದ್ವು?” ಎಂದು ಮಗು ಕೇಳಿತು. ಅವ್ವ ಚಿತ್ರದ ಮೇಲೆ ಅಂಗೈ ಇಟ್ಟು, “ಈ ಹಾಳಿ ನಾಳೆ ನೋಡೂಣು,” ಎಂದು ಮುಂದಿನದಕ್ಕೆ ತಿರುಗಿಸಿದಳು. ಆ ನಾಳೆ ಬಹಳ ದಿನ ಬರಲಿಲ್ಲ. ಪ್ರತಿಸಲವೂ ಅಂಗೈ, ಪ್ರತಿಸಲವೂ ನಾಳೆ.

ಈಗ ಚೀಟಿಯ ಪುಸ್ತಕದ ಮಾತಿಗೆ ಬರುತ್ತೇವೆ. ಅದು ನಮಗೆ ಸಿಕ್ಕಿದ್ದು ಸಭೆಯ ಹರಾಜಿನಲ್ಲಿ. ಕೆನೆತ್ ಟೇಲರ್ ಎಂಬ ಅಮೆರಿಕದವರು ಪುಟ್ಟ ಕಣ್ಣುಗಳಿಗೆಂದು ಬರೆದ ಸಚಿತ್ರ ಬೈಬಲು, 1956ರಲ್ಲಿ ಚಿಕಾಗೋದಲ್ಲಿ ಮೊದಲು ಪ್ರಕಟವಾದದ್ದು. ಹಾಳೆಗೊಂದು ಬಣ್ಣದ ಚಿತ್ರ, ಅದರ ಎದುರಿಗೆ ನಾಲ್ಕಾರು ಸರಳ ವಾಕ್ಯ, ಕೊನೆಗೆ ಮಗುವಿಗೆ ಕೇಳಬೇಕಾದ ಪ್ರಶ್ನೆಗಳು. ಈ ಟೇಲರ್ ಅವರಿಗೆ ಹತ್ತು ಮಕ್ಕಳು. ಮನೆಯ ಪ್ರಾರ್ಥನೆಯಲ್ಲಿ ಹಳೆಯ ಇಂಗ್ಲಿಷ್ ಬೈಬಲು ಮಕ್ಕಳಿಗೆ ತಿಳಿಯುವುದಿಲ್ಲವೆಂದು, ದಿನಾಲು ಕೆಲಸಕ್ಕೆ ಹೋಗುವ ರೈಲಿನಲ್ಲಿ ಕೂತು ಅದನ್ನು ಆಡುಮಾತಿಗೆ ತಿರುಗಿಸುತ್ತ ಹೋದವರು. ಲೋಕಲ್ ಗಾಡಿಯಲ್ಲಿ ಜೀವ ಸವೆಸಿದ ನಮಗೆ ಈ ಸಂಗತಿ ತಿಳಿದಾಗ ಅವರ ಮೇಲೆ ವಿಶೇಷ ಮಮತೆ ಹುಟ್ಟಿತು. ಅವರಿಗೆ ಕೂಡ್ರಲು ಜಾಗ ಸಿಗುತ್ತಿತ್ತೆಂಬುದನ್ನು ಮಾತ್ರ ಕ್ಷಮಿಸಲಾಗಲಿಲ್ಲ.

ಮಗಳು ಇಂಗ್ಲಿಷನ್ನು ಗಟ್ಟಿಯಾಗಿ ಓದಿ ಅವ್ವನಿಗೆ ಕೇಳಿಸುವಳು. ಅವ್ವ ಚಿತ್ರ ನೋಡಿ, “ಅದರಾಗ ಏನು ಬರದಾರ, ಕನ್ನಡದಾಗ ಹೇಳು,” ಎನ್ನುವಳು. ಮಗಳಿಗೆ ಆಡಲು ಬರುತ್ತಿತ್ತು, ಹೀಗೆ ತಿರುಗಿಸಿ ಹೇಳಲು ಬರುತ್ತಿರಲಿಲ್ಲ. ಆಗ ನಮಗೆ ಹೊಳೆಯಿತು: ಚೀಟಿ ಬರೆದು ಹಚ್ಚಿದರೆ? ಕನ್ನಡದಲ್ಲಿಯೇ ಒಂದು ಬಣ್ಣದ ಬೈಬಲು ಕೊಂಡರಾಗದೇ ಎಂದು ಈಗಿನವರು ಕೇಳಬಹುದು. ಈಗೇನೋ ಸಿಗುತ್ತವೆ. ಆಗ ನಮ್ಮ ಕೈಗೆ ಬಂದದ್ದು ತೆಳ್ಳನೆಯ ಕಪ್ಪುಬಿಳುಪಿನ ಪುಸ್ತಿಕೆಗಳು. ತಮಾಷೆಯೆಂದರೆ, ಬೆಂಗಳೂರಿನ ನವಕರ್ನಾಟಕದವರು ತರಿಸುತ್ತಿದ್ದ ರಶಿಯದ ಬಣ್ಣದ ಮಕ್ಕಳ ಪುಸ್ತಕಗಳು ಚೊಕ್ಕ ಕನ್ನಡದಲ್ಲಿ, ಮೂರುಕಾಸಿನ ಬೆಲೆಗೆ ಸಿಗುತ್ತಿದ್ದವು. ದೇವರನ್ನು ಒಪ್ಪದ ದೇಶದ ಕರಡಿ ನಮ್ಮ ಮನೆಯಲ್ಲಿ ಕನ್ನಡ ಮಾತಾಡುತ್ತಿತ್ತು. ಯೇಸುಸ್ವಾಮಿ ಮಾತ್ರ ಇಂಗ್ಲಿಷಿನಲ್ಲಿಯೇ ಉಳಿದಿದ್ದ.

ಕಚೇರಿಯ ಹಿಂಬದಿ ಖಾಲಿ ಇರುವ ಕಾಗದ ಕತ್ತರಿಸಿ, ಬೋರು ಟಾಕಿನಿಂದ ದುಂಡಗೆ ಬರೆದು, ಮೊದಲ ಹತ್ತು ಚೀಟಿ ಸಿದ್ಧ ಮಾಡಿದೆವು. ಸತ್ಯವೇದದ ಭಾಷೆಯನ್ನೇ ಇಟ್ಟಿದ್ದೆವು, ದೇವರ ವಾಕ್ಯವಲ್ಲವೆ! ಅವ್ವ ಕನ್ನಡಕ ಏರಿಸಿ ಓದಿ ನೋಡಿದಳು. “ಇದು ಗುಡಿಯಾಗ ಓದೂ ಮಾತು. ಕೂಸಿಗೆ ಹೇಳೂ ಮಾತು ಇದಲ್ಲ.” ನಮ್ಮ ಕಡೆ ಕ್ರಿಸ್ತರೂ ದೇವಾಲಯಕ್ಕೆ ಗುಡಿ ಎಂದೇ ಅನ್ನುತ್ತಾರೆ. ಅವ್ವ ಹೇಳತೊಡಗಿದಳು, ನಾವು ಬರೆದುಕೊಂಡೆವು. ಹತ್ತೂ ಚೀಟಿಗಳನ್ನು ಹರಿದು ಹಾಕಿ ಹೊಸದಾಗಿ ಬರೆದೆವು.

ಒಂದೆರಡು ಮಾತು ಹೇಳಿದರೆ ತಿಳಿದೀತು. ಯೇಸು ಹುಟ್ಟಿದಾಗ ಅವನನ್ನು ಮಲಗಿಸಿದ ಸ್ಥಳಕ್ಕೆ ಸತ್ಯವೇದದಲ್ಲಿ ‘ಗೋದಲಿ’ ಎಂದಿದೆ. ನಮ್ಮ ಮಗಳಿಗೆ ಅದು ಸಭೆಯಲ್ಲಿ ಮಾತ್ರ ಕೇಳಿದ ಶಬ್ದ. ಚಿತ್ರದಲ್ಲಿ ಅದು ನಾಜೂಕಾದ ತೊಟ್ಟಿಲಿನ ಹಾಗೆ ಕಾಣುತ್ತಿತ್ತು; ಆದ್ದರಿಂದ ಗೋದಲಿ ಎಂದರೆ ಶ್ರೀಮಂತರ ತೊಟ್ಟಿಲೆಂದು ಅವಳ ನಂಬಿಕೆ. ಅವ್ವನಿಗೆ ಸಿಟ್ಟು ಬಂತು. “ತೊಟ್ಟಲಾ ಅಲ್ಲ, ಗ್ವಾದ್ಲಿ! ದನಾ ಮೇವು ತಿನ್ನೂ ಗ್ವಾದ್ಲಿ. ಜೊಲ್ಲು ಸುರಿಸಿರತಾವ, ಕಸಾ ಬಿದ್ದಿರತೈತಿ. ಅದರಾಗ ಹಡದಾಕಿ ತನ್ನ ಕೂಸು ಮಲಗಿಸಿದಳು, ಬ್ಯಾರೆ ಜಾಗಾ ಸಿಗಲಿಲ್ಲಂತ.” ನಾವೂ ಹುಟ್ಟಿದಂದಿನಿಂದ ಗೋದಲಿ ಶಬ್ದವನ್ನು ಕ್ರಿಸ್‌ಮಸ್ಸಿಗೊಮ್ಮೆ ಕೇಳುತ್ತ ಬಂದವರು. ಹಿತ್ತಲಲ್ಲಿ ದಿನಾಲು ನೋಡಿದ ಗ್ವಾದ್ಲಿಯೇ ಅದೆಂದು ಅಂದೇ ಮನಸ್ಸಿಗೆ ಹೋಯಿತು. ಹಾಗೆಯೇ ಪಾರಿವಾಳ ತಂದ ಚಿಗುರು. ಕನ್ನಡದ ಸತ್ಯವೇದದಲ್ಲಿ ಆಲಿವ್ ಎಂಬುದು ‘ಎಣ್ಣೇ ಮರ’. ಎಣ್ಣೆ ಎಲ್ಲಿ ತೊಟ್ಟಿಕ್ಕುತ್ತದೆಂದು ಮಗಳು ಚಿತ್ರದಲ್ಲಿ ಹುಡುಕಿದಳು. ಅವ್ವ ಬೆಟಗೇರಿಯ ಗಾಣದ ವರ್ಣನೆಯನ್ನೇ ಮಾಡಿದಳು. ಅದನ್ನೂ ಚೀಟಿಯಲ್ಲಿ ಹಿಡಿಸಿದಷ್ಟು ಬರೆದೆವು.

ಈ ವಿಷಯ ಸಭೆಯ ಹಿರಿಯರೊಬ್ಬರ ಕಿವಿಗೆ ಬಿತ್ತು. ಮನೆಗೆ ಬಂದಾಗ ಪುಸ್ತಕ ನೋಡಿ, ಪವಿತ್ರ ಕಥೆಗಳನ್ನು ಸಂತೆಯ ಮಾತಿನಲ್ಲಿ ಬರೆಯಬಾರದಿತ್ತು ಎಂದರು. ಅವ್ವ ಅವರಿಗೆ ಚಹಾ ಕೊಟ್ಟು, “ಯೇಸುಸ್ವಾಮಿ ಮಾತಾಡಿದ್ದು ಸಂತ್ಯಾಗ ಅಲ್ಲೇನ್ರಿ?” ಎಂದು ಕೇಳಿದಳು. ಹಿರಿಯರು ಚಹಾ ಕುಡಿದರು.

ನಾವು ಮಾಡಿದ್ದು ಹೊಸದೇನೂ ಅಲ್ಲವೆಂದು ಬಹಳ ವರ್ಷದ ಮೇಲೆ ತಿಳಿಯಿತು. ಯುರೋಪಿನಲ್ಲಿ ಮಕ್ಕಳಿಗೆಂದೇ ಹೊರಟ ಚಿತ್ರಪುಸ್ತಕಗಳಲ್ಲಿ ಮೊದಲನೆಯದೆಂದು ಹೆಸರಾದದ್ದು ಕೊಮೆನಿಯಸ್ ಎಂಬವರ ಲೋಕಚಿತ್ರ ಪುಸ್ತಕ, 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಮೊರಾವಿಯಾದವರು, ಒಂದು ಸಣ್ಣ ಪ್ರೊಟೆಸ್ಟಂಟ್ ಸಭೆಯ ಬಿಷಪ್ಪರು. ಅವರ ಜೀವನ ಓದಿದರೆ ಎದೆ ಹಿಂಡುತ್ತದೆ. 1622ರಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಪ್ಲೇಗು ತೆಗೆದುಕೊಂಡು ಹೋಯಿತು. ಧರ್ಮದ ಕಾರಣದಿಂದ 1628ರಲ್ಲಿ ದೇಶ ಬಿಟ್ಟು ಪೋಲೆಂಡಿಗೆ ಹೋದರು. ಅಲ್ಲಿ 1656ರಲ್ಲಿ ಮನೆ, ಪುಸ್ತಕ, ಕೈಬರಹ ಎಲ್ಲ ಸುಟ್ಟುಹೋದವು. ಮರಳಿ ತಾಯ್ನಾಡು ಕಾಣಲಿಲ್ಲ. 1670ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡರು. ಹಂಗೇರಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಬರೆದ ಪುಸ್ತಕವಿದು. ದೇವರಿಂದ ಆರಂಭ, ಕಡೆಯ ನ್ಯಾಯತೀರ್ಪಿನಿಂದ ಮುಕ್ತಾಯ. ನಡುವೆ ರೊಟ್ಟಿ ಸುಡುವವನು, ಜೇನುಹುಳ, ಮೀನುಗಾರ, ಬಡಗಿ, ಲೋಕದಲ್ಲಿರುವುದೆಲ್ಲ. ಅಕ್ಷರ ಕಲಿಸಲು ಕಾಗೆಯ ಕೂಗು, ಕುರಿಯ ಕೂಗು. ಪ್ರತಿ ಚಿತ್ರದ ವಸ್ತುಗಳಿಗೂ ಒಂದು ಎರಡು ಎಂದು ಅಂಕಿ, ಅದೇ ಅಂಕಿ ಪಕ್ಕದ ಮಾತಿನಲ್ಲಿ. ಮತ್ತು ಆ ಮಾತು ಎರಡು ಸಾಲುಗಳಲ್ಲಿ: ಒಂದು ಕಡೆ ಶಾಲೆಯ ಭಾಷೆ ಲ್ಯಾಟಿನ್, ಇನ್ನೊಂದು ಕಡೆ ಮನೆಯ ಭಾಷೆ ಜರ್ಮನ್. ಎರಡರ ಮೇಲೆ ಚಿತ್ರ. ಊರು ಬಿಟ್ಟ ಮನುಷ್ಯನಿಗೇ ಇಂಥ ಪುಸ್ತಕ ಹೊಳೆದದ್ದರಲ್ಲಿ ನಮಗೆ ಆಶ್ಚರ್ಯ ಕಾಣಲಿಲ್ಲ.

ಅವ್ವನಿಗೆ ಟೇಲರ್ ಪುಸ್ತಕದ ಬಗೆಗೆ ಇನ್ನೊಂದು ತಕರಾರು ಇತ್ತು, ಅದು ಬಣ್ಣದ್ದು. “ದಿನಾ ಬಿಸಿಲಾಗ ತಿರುಗಾಡಾವ, ಬಡಿಗ್ಯಾರ ಮಗ, ಹಿಂಗ ಹಾಲಿನಂಗ ಹ್ಯಾಂಗ ಇರತಾನ?” ಅಮೆರಿಕದ ವಾರ್ನರ್ ಸಾಲ್‌ಮನ್ 1940ರಲ್ಲಿ ಬರೆದ ಯೇಸುವಿನ ಚಿತ್ರ ಕೋಟಿಗಟ್ಟಲೆ ಅಚ್ಚಾಗಿ ಜಗತ್ತಿನ ಗೋಡೆಗಳನ್ನೆಲ್ಲ ತುಂಬಿದ್ದು. ನಮ್ಮ ಮನೆಯ ಗೋಡೆಯಲ್ಲೂ ಅದೇ ಇತ್ತು, ಅಲ್ಲಿಯವರೆಗೆ ಯಾರೂ ಪ್ರಶ್ನೆ ಎತ್ತಿರಲಿಲ್ಲ. ಒಂದು ಮಧ್ಯಾಹ್ನ ಬಂದು ನೋಡಿದರೆ ಅಜ್ಜಿ ಮೊಮ್ಮಗಳು ಸೇರಿ ಮೇಣದ ಬಣ್ಣದ ಕಡ್ಡಿಯಿಂದ ಹಾಳೆಹಾಳೆಯಲ್ಲೂ ಯೇಸುವಿನ ಮುಖಕ್ಕೆ, ಕೈಗಳಿಗೆ ಕಂದು ಬಣ್ಣ ತುಂಬಿದ್ದರು. ಶಿಷ್ಯರಿಗೆ ಬಣ್ಣ ಸಾಲದೆ ಪೇತ್ರನ ತನಕ ಬಂದು ನಿಂತಿತ್ತು. ನಾವು ಬೈಯಲು ಹೋಗಿ ಬೈಯದೆ ಬಂದೆವು. ಮುಂದೆಂದೋ ಗೋವೆಗೆ ಹೋದಾಗ ಪರ್ವರಿಯ ಝೇವಿಯರ್ ಸಂಶೋಧನ ಕೇಂದ್ರದಲ್ಲಿ ಆಂಜೆಲೊ ಡ ಫೊನ್ಸೆಕ ಅವರ ಚಿತ್ರಗಳನ್ನು ಕಂಡೆವು. 1902ರಲ್ಲಿ ಗೋವೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಪುಣೆಯ ಆಶ್ರಮವೊಂದರಲ್ಲಿ ಇದ್ದು, 1967ರಲ್ಲಿ ತೀರಿಕೊಂಡವರು. ಅವರ ಮರಿಯಳು ಸೀರೆ ಉಟ್ಟವಳು. ಇದಕ್ಕಾಗಿ ತಮ್ಮವರಿಂದಲೇ ಟೀಕೆ ಕೇಳಿದವರು. ನಮಗೆ ಅವ್ವನ ಕಂದು ಕಡ್ಡಿ ನೆನಪಾಗಿ ನಗು ಬಂತು.

1988ರ ಬೇಸಗೆಯಲ್ಲಿ ಎಲ್ಲರೂ ಊರಿಗೆ ಹೊರಟೆವು. ಆಗ ಸೊಲ್ಲಾಪುರದಲ್ಲಿ ಇಳಿದು ಮೀಟರ್ ಗೇಜಿನ ಸಣ್ಣ ಗಾಡಿ ಹತ್ತಬೇಕಿತ್ತು. ಬಿಜಾಪುರ, ಬಾಗಲಕೋಟೆ, ಬಾದಾಮಿ ಎನ್ನುತ್ತ ಅದು ತನಗೆ ಬೇಕಾದಾಗ ಗದಗು ಮುಟ್ಟುತ್ತಿತ್ತು. ಹೊಳೆಆಲೂರು ದಾಟಿದ ಮೇಲೆ ಗಾಡಿ ಎಲ್ಲೋ ನಿಂತಿತು. ಹೊಲದಲ್ಲಿ ನೂರಾರು ಕುರಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೋಲು ಹಿಡಿದ ನಾಲ್ಕು ಜನ. “ಯಾರು ಆಯಿ?” ಎಂದಳು ಮಗಳು. “ಕುರುಬರವಾ.” ಮಗು ಎದ್ದುನಿಂತು ಕಿಟಕಿಯ ಸಲಾಕಿ ಹಿಡಿದು, “ಅವರಿಗೆ ಗೊತ್ತಾಗೇತಿ? ಗ್ವಾದ್ಲಿ ನೋಡಾಕ ಹೊಂಟಾರ?” ಎಂದು ಕೂಗಿದಳು. ಡಬ್ಬಿಯಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ. ಅವ್ವ ಸೆರಗಿನಿಂದ ಮುಖ ಒರಸಿಕೊಂಡಳು. ಸೆಕೆಯೂ ಇತ್ತು.

ಅದೇ ಮಳೆಗಾಲದಲ್ಲಿ, ಡೊಂಬಿವಲಿಗೆ ಮರಳಿದ ಮೇಲೆ, ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳು ತಂದೆಯ ಕಡೆ ತಿರುಗಿ, “ಪಪ್ಪಾ, ನಿನಗ ಒಬ್ಬ ಅಣ್ಣ ಇದ್ದ,” ಎಂದಳು. ಹೆಸರನ್ನೂ ಹೇಳಿದಳು. ಆ ಮನೆಯಲ್ಲಿ ಹುಟ್ಟಿ ಬೆಳೆದವರು ಯಾರೂ ಎಂದೂ ಕೇಳದ ಹೆಸರು. ನಮ್ಮಲ್ಲಿ ಹಿರಿಯ ಮಗನೆಂದು ನಲವತ್ತು ವರ್ಷ ಬದುಕಿದವರಿಗೆ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವ್ವ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದಳು.

ಮಗಳಿಂದಲೇ ಉಳಿದದ್ದು ತಿಳಿಯಿತು. ಎರಡೂವರೆ ವರ್ಷದ ಕೂಸು. ಅವ್ವ ನೆಂಟರ ಊರಿಗೆ ಹೋಗಿದ್ದಾಗ ಜ್ವರ ಏರಿತು. ರಾತ್ರಿ ಮಳೆಯಲ್ಲಿ ಎತ್ತಿಕೊಂಡು ಮೂರು ಹರದಾರಿ ನಡೆದು ದವಾಖಾನೆಗೆ ಹೋದಳು. ಬಾಗಿಲು ಹಾಕಿತ್ತು. ಬಡಿದಳು, ಯಾರೂ ತೆಗೆಯಲಿಲ್ಲ. ಬೆಳಗಾಗುವ ಮುಂಚೆ, ಆ ಕಟ್ಟೆಯ ಮೇಲೆಯೇ. ಮುಚ್ಚಿದ ಬಾಗಿಲಿನ ಹಾಳೆಯನ್ನು ಅವರಿಬ್ಬರೂ ಯಾವ ದಿನ ನೋಡಿದರೋ, ಅಂಗೈಯನ್ನು ಯಾವಾಗ ತೆಗೆದಳೋ ನಮಗೆ ಗೊತ್ತಿಲ್ಲ. ನಾವು ಕಚೇರಿಯಲ್ಲಿದ್ದೆವು, ಬಾಜಾರದಲ್ಲಿದ್ದೆವು. ಸ್ವಂತ ಮಕ್ಕಳಿಗೆ ಹೇಳದ್ದನ್ನು ಆರು ವರ್ಷದ ಮೊಮ್ಮಗಳಿಗೆ ಹೇಳಿದ್ದಳು. “ನಮಗ್ಯಾಕ ಹೇಳಲಿಲ್ಲವಾ?” ಎಂದು ಆಮೇಲೆ ಕೇಳಿದೆವು. “ನೀವು ಕೇಳಲಿಲ್ಲ. ಆಕಿ ಕೇಳಿದಳು,” ಎಂದಳು.

1990ರಲ್ಲಿ ಅವ್ವ ಊರಿಗೆ ಮರಳಿದಳು. ಮುಂಬಯಿಯ ನೀರು ಒಗ್ಗಲಿಲ್ಲ. 1992ರಲ್ಲಿ ತೀರಿಕೊಂಡಳು. ಮಗಳು ಮುಂದೆ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದಳು. ಡೊಂಬಿವಲಿಯಲ್ಲಿ ಬೆಳೆದ ಹುಡುಗಿ ಬಾಯಿ ತೆರೆದರೆ ಬೆಟಗೇರಿಯ ಮುದುಕಿಯ ಕನ್ನಡ ಬರುವುದನ್ನು ಕಂಡು ಅಲ್ಲಿಯವರು ನಕ್ಕರಂತೆ. ಅವಳು ತಿದ್ದಿಕೊಳ್ಳಲಿಲ್ಲ.

ಪುಸ್ತಕ ಸಿಕ್ಕಿತು, ಆರು ಚೀಟಿ ಇಲ್ಲ ಎಂದು ತಿಳಿಸಲು ಫೋನು ಮಾಡಿದೆವು. ಏನು ಬರೆದಿತ್ತೆಂದು ನಮಗೆ ನೆನಪಿಲ್ಲ, ಸತ್ಯವೇದ ನೋಡಿ ಬರೆಯುತ್ತೇವೆ ಎಂದೆವು. “ಬ್ಯಾಡ, ಬರಕೋರಿ,” ಎಂದು ಮಗಳು ಅಲ್ಲಿಂದಲೇ ಹೇಳತೊಡಗಿದಳು. ಯೋನ, ದಾನಿಯೇಲ, ದಾರಿ ತಪ್ಪಿದ ಕುರಿ, ಒಂದೊಂದೂ ಅಕ್ಷರಶಃ ಅವ್ವನ ಮಾತು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳೋ ಅಲ್ಲಿಯೇ ಉಸಿರು. ನಾವು ಕನ್ನಡಕ ಏರಿಸಿ ಬರೆದುಕೊಂಡೆವು. ಕೈ ನಡುಗಿ ಅಕ್ಷರ ಮೊದಲಿನಷ್ಟು ದುಂಡಗೆ ಬರಲಿಲ್ಲ.

ನೋಹನ ಪುಸ್ತಕ ಮದುವೆಯಾದಾಗಲೇ ಅವಳ ಜೊತೆ ಪುಣೆಗೆ ಹೋಗಿದೆ. ಮೊಮ್ಮಗ ಅದನ್ನು ದಿನಾ ನೋಡುತ್ತಾನಂತೆ. ಆ ಹಾಳೆಯ ಹತ್ತಿರ ಅವನೂ ಕೇಳಿದನೇ ಎಂದು ವಿಚಾರಿಸಿದೆವು. “ಕೇಳಿದ,” ಎಂದಳು. “ನೀ ಏನಂದಿ?” “ನಾಳೆ ನೋಡೂಣು ಅಂದೆ.”

ಬರುವ ಸೋಮವಾರ ಪರಿಚಯದವರೊಬ್ಬರು ಪುಣೆಗೆ ಹೋಗುವವರಿದ್ದಾರೆ, ಅವರ ಕೈಯಲ್ಲಿ ಚೀಟಿಯ ಪುಸ್ತಕ ಕಳಿಸುತ್ತೇವೆ. ಈ ಸಲ ಫೆವಿಕೋಲು ಹಚ್ಚಿದ್ದೇವೆ. ಎರಡು ಚೀಟಿ ಇನ್ನೂ ಒಣಗಬೇಕು.